ನೂಲಿಗೆ ಇಂಗ್ಲಿಷ್ ಬರುವುದಿಲ್ಲ

ಮದುವೆಯಾಗಿ ಬೆಟಗೇರಿಗೆ ಬಂದ ಮೇಲೆ ನಮ್ಮ ಚಿಗವ್ವ ಒಂದೇ ಒಂದು ಸಲ ಬಿಟ್ಟರೆ ಕನ್ನಡದಲ್ಲಿ ಸಿಟ್ಟಾಗಿಲ್ಲ!

ಇಷ್ಟು ಹೇಳಿದ್ದೇ ತಡ, ಮುಗುಳ್ನಗೆಯ ಶಾಂತಮೂರ್ತಿಯೊಂದನ್ನು ನೀವು ಮನಸ್ಸಿನಲ್ಲಿ ಪ್ರತಿಷ್ಠಾಪಿಸಿಬಿಟ್ಟಿದ್ದರೆ ದಯವಿಟ್ಟು ಕೆಳಗಿಳಿಸಿ. ಚಿಗವ್ವನಿಗೆ ಸಿಟ್ಟು ಬರುತ್ತದೆ. ನಳದ ನೀರು ಬರದಿದ್ದರೆ ಬರುತ್ತದೆ. ಬಂದರೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಬರುತ್ತದೆ. ಬೆಕ್ಕು ಹಾಲು ಕುಡಿದರೆ ಬೆಕ್ಕಿನ ಮೇಲೆ ಬರುತ್ತದೆ. ಮೂಸಿ ನೋಡಿ ಕುಡಿಯದೆ ಹೋದರೆ ಹಾಲಿನವನ ಮೇಲೆ ಬರುತ್ತದೆ. ಈ ವಿಷಯದಲ್ಲಿ ಆಕೆ ಗದಗ ಜಿಲ್ಲೆಯ ಯಾವ ಹೆಣ್ಣುಮಗಳಿಗೂ ಕಡಿಮೆಯಲ್ಲ. ಆದರೆ ಬರುವ ಸಿಟ್ಟೆಲ್ಲ ಇಂಗ್ಲಿಷಿನಲ್ಲೇ ಬರುತ್ತದೆ. ಅಡುಗೆ, ಹರಟೆ, ದೇವರು, ಪ್ರೀತಿ ಎಲ್ಲವೂ ಅಚ್ಚ ಕನ್ನಡದಲ್ಲಿ. ಸಿಟ್ಟೊಂದು ಮಾತ್ರ ಆಂಗ್ಲ ಮಾಧ್ಯಮ!

ಚಿಗವ್ವ ಎಂದರೆ ನನ್ನ ತಾಯಿಯ ಕೊನೆಯ ತಂಗಿ. ತವರು ಲಕ್ಷ್ಮೇಶ್ವರ, ಕೊಟ್ಟದ್ದು ಬೆಟಗೇರಿಯ ನೇಕಾರರ ಮನೆಗೆ. ಮಗಳನ್ನು ಮುಂಡರಗಿಗೆ ಕೊಟ್ಟ ಮೇಲೆ ಆ ಮನೆಯಲ್ಲಿ ಉಳಿದವರು ಮೂವರು. ಚಿಗವ್ವ, ಮಗ್ಗದ ಮೇಲೆ ಕುಳಿತ ಆಕೆಯ ಗಂಡ, ಅಂದರೆ ನಮ್ಮ ಕಾಕಾ, ಮತ್ತು ಕಾಕಾನ ತಾಯಿ. ಈ ತಾಯಿಯನ್ನು ಓಣಿಯವರೆಲ್ಲ ಆಯಿ ಎನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ. ಹೋದ ಮಳೆಗಾಲದಲ್ಲಿ ಆಯಿಗೆ ಲಕ್ವಾ ಹೊಡೆದು ಮಾತು ನಿಂತುಹೋಯಿತು. ಆಕೆಯ ಬಾಯಿಂದ ಒಂದು ಮಾತು, ಒಂದೇ ಒಂದು ಮಾತು ಹೊರಬೀಳಲೆಂದು ಚಿಗವ್ವ ಹೊರದ ಹರಕೆಯಿಲ್ಲ. ಅಲ್ಲಿಗೆ ಬರುತ್ತೇನೆ. ಆದರೆ ಅಲ್ಲಿ ನಡೆದದ್ದು ನಿಮಗೆ ಅರ್ಥವಾಗಬೇಕಾದರೆ ಮೊದಲು ಆಯಿಯ ಕಾನೂನು ತಿಳಿಯಬೇಕು.

ಆಯಿಯ ಕಾನೂನಿಗೆ ಒಂದೇ ಕಲಮು. ಹಾಸು ಬಿಗಿದ ಮಗ್ಗದ ಮುಂದೆ ಸಿಟ್ಟಿನ ಮಾತು ಆಡಬಾರದು. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ನೂಲು. ಆ ನೂಲಿಗೆ ಕಿವಿ ಇದೆ. ಕೇಳಿದ್ದನ್ನು ಅದು ಮರೆಯುವುದಿಲ್ಲ. ಸಿಟ್ಟು ಕೇಳಿದ ನೂಲಿನ ಸೀರೆಯನ್ನು ಯಾರು ಉಡುತ್ತಾರೋ ಅವರ ಮನೆಯಲ್ಲಿ ಜಗಳ ತಪ್ಪಿದ್ದಲ್ಲ. ಊರವರ ಸಂಸಾರದ ನೆಮ್ಮದಿ ನಮ್ಮ ಕೈಯಲ್ಲಿದೆ ಎಂದು ಆಯಿ ಗಟ್ಟಿಯಾಗಿ ನಂಬಿದ್ದಳು. ಅಪ್ಪಿತಪ್ಪಿ ಯಾರಾದರೂ ಒದರಿದರೋ, ಮಗ್ಗಕ್ಕೆ ಅರಿಷಿಣ ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ, ಆ ದಿನ ಅಡ್ಡನೂಲು ಹಾಯಿಸುವ ಲಾಳಿಗೆ ರಜೆ. ಮರುದಿನವೇ ನೇಯ್ಗೆ.

ಹಾಸು ಇಲ್ಲದಾಗ ಬೈದುಕೊಳ್ಳಬಹುದಲ್ಲ, ಎನ್ನುತ್ತೀರಿ. ಒಂದು ಹಾಸು ಮುಗಿಯುವ ಮೊದಲೇ ಮುಂದಿನದರ ಎಳೆಗಳನ್ನು ಅದರ ತುದಿಗೆ ಹೊಸೆದು ಕೂಡಿಸುವ ಮನೆ ಅದು! ಮಗ್ಗ ಇರುವುದು ಪಡಸಾಲೆಯಲ್ಲಿ, ಅಡುಗೆಮನೆ ಅದರ ಬೆನ್ನಿಗೆ. ಪಿಸುಗುಟ್ಟಿ ಬೈದರೂ ನೂಲಿಗೆ ಕೇಳಿಸುವಷ್ಟು ಹತ್ತಿರ. ಒಟ್ಟಿನಲ್ಲಿ, ವರ್ಷದ ಎಲ್ಲ ದಿನಗಳೂ ಶಾಂತಿಪರ್ವ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಲಕ್ಷ್ಮೇಶ್ವರದ ನಮ್ಮ ಚಿಗವ್ವ!

ಬಂದ ಹೊಸತರಲ್ಲೇ ಓಣಿಯ ಆಡೊಂದು ಒಳನುಗ್ಗಿ ಬಣ್ಣ ಹಾಕಿಟ್ಟ ನೂಲನ್ನು ಮೇಯತೊಡಗಿತು. ಚಿಗವ್ವ ಕಟ್ಟಿಗೆ ಎತ್ತಿಕೊಂಡು, "ನಿನ್ನ ಹೆಣಾ ಎತ್ತಲಿ!" ಎಂದು ಬೆನ್ನಟ್ಟಿದಳು. ಆಡು ಪಾರಾಯಿತು, ಮಗ್ಗ ನಿಂತಿತು. ಆಯಿ ಅರಿಷಿಣ ನೀರಿನ ತಂಬಿಗೆ ತಂದು ಮಗ್ಗಕ್ಕೆ ಚಿಮುಕಿಸಿದಳು, ಸೊಸೆಗೆ ಚಿಮುಕಿಸಿದಳು. ಆಡಿನ ಹೊಟ್ಟೆಯೊಳಗೂ ನಮ್ಮ ನೂಲಿದೆಯಲ್ಲ ಎಂದು ಹೊರಗೆ ಹೋಗಿ ಆಡಿಗೂ ಚಿಮುಕಿಸಿ ಬಂದಳು.

ಅಂದಿನಿಂದ ಚಿಗವ್ವ ಸಿಟ್ಟನ್ನು ನುಂಗಲು ಹೊರಟಳು. ನುಂಗುವುದೇನು ಸುಲಭವೇ? ನುಂಗಿದ ಸಿಟ್ಟು ಆಕೆಗೆ ಮೂಗಿನಲ್ಲಿ, ಕಿವಿಯಲ್ಲಿ, ರೊಟ್ಟಿ ತಟ್ಟುವ ಅಂಗೈಯಲ್ಲಿ ಹೊರಬರುತ್ತಿತ್ತು. ಆ ದಿನಗಳಲ್ಲಿ ಅವರ ಮನೆಯ ರೊಟ್ಟಿ ಕಾಗದದಷ್ಟು ತೆಳ್ಳಗಿರುತ್ತಿತ್ತೆಂದು ಕಾಕಾ ಇಂದಿಗೂ ನೆನೆಯುತ್ತಾನೆ. ಕೊನೆಗೊಂದು ದಿನ ಕಾಕಾ ಮಗ್ಗಕ್ಕೆ ಎಣ್ಣೆ ಬಿಟ್ಟ ಕೈಯನ್ನು, ಆಕೆ ಆಗಷ್ಟೇ ಒಗೆದು ಹಾಕಿದ್ದ ಬಿಳಿ ಚಾದರಕ್ಕೆ ಒರೆಸಿಕೊಂಡ. ಚಿಗವ್ವನ ಬಾಯಿಂದ ಬಾಣದಂತೆ ಹೊರಬಿತ್ತು:

"ಇರಿಟೇಟಿಂಗ್!"

ಲಾಳಿ ಎತ್ತಿಕೊಳ್ಳಲು ಹೋದ ಕಾಕಾನ ಕೈ ನಡುದಾರಿಯಲ್ಲೇ ನಿಂತಿತು. ರಾಟಿ ತಿರುಗಿಸುತ್ತಿದ್ದ ಆಯಿ ತಲೆ ಎತ್ತಿದಳು.

"ಏ ಹುಡುಗಿ, ಏನಂದಿ?"

"ಇಂಗ್ಲಿಷ್ ರಿ, ಅತ್ಯಾರ."

"ಅದು ಗೊತ್ತಾತು. ಬೈದ್ಯೋ, ಹೊಗಳಿದ್ಯೋ?"

ಚಿಗವ್ವನಿಗೆ ಸುಳ್ಳು ಬರುವುದಿಲ್ಲ. "ಬೈದೇರಿ," ಎಂದಳು.

ಆಯಿ ಎದ್ದು ಮಗ್ಗದ ಬಳಿ ಹೋದಳು. ಹಾಸಿನ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈ ಆಡಿಸಿದಳು. ಒಂದೆಳೆಯೂ ಹರಿದಿರಲಿಲ್ಲ. ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟಳು: "ನೂಲಿಗೆ ಇಂಗ್ಲಿಷ್ ಬರಂಗಿಲ್ಲ. ನಡೀತೈತಿ."

ಬೈಸಿಕೊಂಡ ಕಾಕಾ ಸುಮ್ಮನಿರುತ್ತಾನೆಯೇ? ಮೇಲ್ಮನವಿ ಸಲ್ಲಿಸಿದ. "ಅಲ್ಲಬೇ ಯವ್ವಾ, ನೂಲು ಮಿಲ್ಲಿಂದ ಬರೂದು. ಗಂಟಿನ ಮ್ಯಾಲ ಪೂರಾ ಇಂಗ್ಲಿಷಿನ್ಯಾಗ ಬರೆದಿರತೈತಿ!"

"ಗಂಟಿಗೆ ಬರತಿರಬೇಕು. ನೂಲಿಗೆ ಬರಂಗಿಲ್ಲ. ನೀ ಲಾಳಿ ಒಗಿ."

ನಾನು ವಕೀಲರ ಸಹವಾಸದಲ್ಲಿ ಅನೇಕ ತೀರ್ಪುಗಳನ್ನು ಓದಿದ್ದೇನೆ. ಇಷ್ಟು ಚಿಕ್ಕದು, ಇಷ್ಟು ಖಚಿತವಾದದ್ದು, ಮರುಮಾತಿಗೆ ಎಡೆಯಿಲ್ಲದ್ದು ಇನ್ನೊಂದನ್ನು ಕಾಣೆ.

ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಈ ಶಬ್ದಗಳು ಎಲ್ಲಿಂದ ಬಂದವು? ಲಕ್ಷ್ಮೇಶ್ವರದಲ್ಲಿ ನಮ್ಮಜ್ಜನದು ಕಿರಾಣಿ ಅಂಗಡಿ. ಪೊಟ್ಟಣ ಕಟ್ಟಲು ಹುಬ್ಬಳ್ಳಿಯಿಂದ ರದ್ದಿ ಪೇಪರು ಬರುತ್ತಿತ್ತು. ಇಂಗ್ಲಿಷ್ ಪೇಪರು ಗಟ್ಟಿ ಎಂದು ಅಜ್ಜ ಅದನ್ನೇ ತರಿಸುತ್ತಿದ್ದ. ಪೊಟ್ಟಣ ಸುತ್ತುವುದು ಚಿಗವ್ವನ ಕೆಲಸ. ಸುತ್ತುವ ಮೊದಲು ಓದುವುದು ಆಕೆಯ ಚಟ. ಎಲ್ಲಕ್ಕಿಂತ ಮೆಚ್ಚಿದ್ದು ಓದುಗರು ಸಂಪಾದಕರಿಗೆ ಬರೆಯುವ ಪತ್ರಗಳು. ನೀವು ಓದಿ ನೋಡಿ, ಅಲ್ಲಿ ಸಂತೋಷದಿಂದ ಬರೆದವರು ಒಬ್ಬರೂ ಸಿಗುವುದಿಲ್ಲ! ಚರಂಡಿ ತುಂಬಿದ್ದಕ್ಕೆ ಒಬ್ಬರು, ಧ್ವನಿವರ್ಧಕಕ್ಕೆ ಒಬ್ಬರು, ಕ್ರಿಕೆಟ್ ಸೋತದ್ದಕ್ಕೆ ಇನ್ನೊಬ್ಬರು. ಎಲ್ಲರೂ ಒಂದೊಂದು ಹೊಸ ಶಬ್ದದಲ್ಲಿ ಕುದಿಯುತ್ತಿದ್ದರು. ಹೀಗಾಗಿ ಚಿಗವ್ವನಿಗೆ ಇಂಗ್ಲಿಷಿನಲ್ಲಿ 'ಬಾ, ಕೂಡು, ಚಹಾ ಕುಡಿ' ಎನ್ನಲು ತಡವರಿಕೆ. ಆದರೆ ಕಿರಿಕಿರಿಗೆ, ರೇಜಿಗೆಗೆ, ಪಿತ್ತ ನೆತ್ತಿಗೇರಿದ್ದಕ್ಕೆ ಒಂದೊಂದಕ್ಕೂ ಬೇರೆ ಬೇರೆ ಶಬ್ದ ನಾಲಗೆಯ ತುದಿಯಲ್ಲೇ. ಜೊತೆಗೆ ಪ್ರತಿಯೊಂದಕ್ಕೂ ಒಂದು ವಾಸನೆ! 'ಅನಾಯಿಂಗ್' ಎಂದಾಗ ಈಗಲೂ ಆಕೆಗೆ ಜೀರಿಗೆಯ ಘಮ ಬರುತ್ತದಂತೆ. 'ಡಿಸ್ಗಸ್ಟಿಂಗ್' ಸಿಕ್ಕದ್ದು ಬೆಲ್ಲದ ಪೊಟ್ಟಣದಲ್ಲಿ, ಹಾಗಾಗಿ ಅದನ್ನು ಆಕೆ ಬಹಳ ಸವಿಯಾಗಿ ಉಚ್ಚರಿಸುತ್ತಾಳೆ.

ಕನ್ನಡದಲ್ಲಿ ಸಿಟ್ಟಿಗೆ ಶಬ್ದಗಳ ಬರವೇ? ಖಂಡಿತ ಇಲ್ಲ. ಕಾಡಾಟ, ಕಿರಿಕಿರಿ, ತಲೆಬೇನೆ, ಮುನಿಸು, ಸಿಡುಕು, ಉರಿ ಎಲ್ಲ ಸಮೃದ್ಧವಾಗಿದೆ. ಆದರೆ ನಾವು ಅವನ್ನು ನಾಲ್ಕು ಜನರ ಮುಂದೆ ಅಳೆದು ತೂಗಿ ಬಳಸುವವರಲ್ಲ. ಎಲ್ಲವನ್ನೂ ಒಟ್ಟಿಗೆ ಬುಟ್ಟಿಯಿಂದ ಸುರಿಯುವವರು. ಚಿಗವ್ವ ಹಾಗಲ್ಲ. ಆಕೆಯದು ಅಳತೆಯ ಸಿಟ್ಟು.

ಈ ಅಳತೆಯನ್ನು ಕಂಡುಹಿಡಿದವನು ಮಾತ್ರ ಕಾಕಾ. ಇಂಗ್ಲಿಷಿನ ಗಂಧವಿಲ್ಲದ ಆತ ನೇಕಾರನ ಬುದ್ಧಿ ಓಡಿಸಿ, ಶಬ್ದ ಉದ್ದವಾದಷ್ಟೂ ಸಿಟ್ಟು ಉದ್ದ ಎಂಬ ಸತ್ಯ ಕಂಡುಕೊಂಡ. 'ನ್ಯೂಸೆನ್ಸ್' ಗೇಣುದ್ದ. ಅದಕ್ಕೆ ಹೆದರಬೇಕಾಗಿಲ್ಲ, ಬೆಕ್ಕಿಗೆ, ನೊಣಕ್ಕೆ, ಕಾಕಾನ ಗೊರಕೆಗೆ ದಿನವೂ ಬಳಕೆಯಲ್ಲಿರುವುದು. 'ಇರಿಟೇಟಿಂಗ್' ಒಂದು ಮೊಳ. ಮಾತಾಡದೆ ಕೆಲಸ ನೋಡಿಕೊಳ್ಳಬೇಕು. 'ಎಕ್ಸಾಸ್ಪರೇಟಿಂಗ್' ಒಂದು ಮಾರು. ಪೇಟೆಯ ಕಡೆ ಏನಾದರೂ ಕೆಲಸ ಹಚ್ಚಿಕೊಂಡು ಹೊರಡಬೇಕು. 'ಇನ್‌ಫ್ಯೂರಿಯೇಟಿಂಗ್' ಬಂತೆಂದರೆ ಸೆರಗು ಸಮೇತ ಪೂರ್ತಿ ಸೀರೆ! ನಾನು ಗದಗಿನಿಂದ ಹೊರಡುವ ಮೊದಲು ಕಾಕಾನಿಗೆ ಫೋನು ಮಾಡಿ ಹವಾಮಾನ ಕೇಳುವುದುಂಟು.

"ಇವತ್ತು ಹೆಂಗೈತ್ರಿ, ಕಾಕಾ?"

"ಮೊಳದ ಮ್ಯಾಲ ನಾಕ್ ಬೆರಳು ಐತಿ. ಬರೂ ಮುಂದ ಒಂದಿಷ್ಟು ಮಲ್ಲಿಗಿ ತೊಗೊಂಡು ಬಾ."

ಮಗ್ಗದ ಎದುರಿಗೆ ಸರಿ, ಹೊರಗೆ ಯಾಕೆ ಇಂಗ್ಲಿಷು? ನನಗೂ ಇದೇ ಪ್ರಶ್ನೆ. ಒಮ್ಮೆ ಆಕೆಯ ಮಗಳ ಮನೆಗೆಂದು ಇಬ್ಬರೂ ಮುಂಡರಗಿ ಬಸ್ಸು ಹತ್ತಿದೆವು. ನಮ್ಮ ಹಿಂದಿನ ಸೀಟಿನಲ್ಲಿ ದಪ್ಪ ಮೀಸೆಯ ಯಜಮಾನರೊಬ್ಬರು ಮೊಬೈಲಿನಲ್ಲಿ ಕುಸ್ತಿಯ ವಿಡಿಯೋ ಹಚ್ಚಿದ್ದರು, ಇಡೀ ಬಸ್ಸಿಗೆ ಕೇಳುವಂತೆ. ಡಂಬಳದವರೆಗೆ ತಡೆದುಕೊಂಡ ಚಿಗವ್ವ ಕೊನೆಗೆ ತಿರುಗಿ, ಕನ್ನಡಕ ಸರಿಪಡಿಸಿಕೊಂಡು, ಒಂದೇ ಮಾತು ಹೇಳಿದಳು: "ಇನ್‌ಟಾಲರಬಲ್!"

ಕುಸ್ತಿ ಅಲ್ಲಿಗೇ ನಿಂತಿತು. ಯಜಮಾನರು ಎದ್ದು ನಿಂತು ಕೈ ಮುಗಿದರು. "ತಪ್ಪಾತ್ರಿ, ಮೇಡಂ. ತಾವು ಯಾವ ಆಫೀಸಿನವ್ರು?" ಕಂಡಕ್ಟರನೂ ಧಾವಿಸಿ ಬಂದು, ಮುಂದಿನ ಸೀಟಿನಲ್ಲಿದ್ದ ಗೋಣಿಚೀಲವನ್ನು ಎತ್ತಿಸಿ ನಮ್ಮನ್ನು ಅಲ್ಲಿ ಕೂಡ್ರಿಸಿದ. ಇಳಿಯುವ ಹೊತ್ತಿಗೆ ಯಜಮಾನರು ತಮ್ಮ ಊರು ಕೊರ್ಲಹಳ್ಳಿಗೆ ಇನ್ನೊಂದು ಬಸ್ಸು ಬಿಡಿಸಿಕೊಡಬೇಕೆಂದು ಚಿಗವ್ವನಿಗೆ ಬಾಯಿಮಾತಿನ ಅರ್ಜಿ ಕೊಟ್ಟರು. ಆಕೆಯೂ ಗಂಭೀರವಾಗಿ, "ನೋಡೂಣ್ರಿ," ಎಂದಳು!

ಕೆಳಗಿಳಿದು ಕೇಳಿದೆ: "ಬಸ್ಸಿನ್ಯಾಗ ಮಗ್ಗ ಎಲ್ಲಿತ್ತು, ಚಿಗವ್ವಾ? ಕನ್ನಡದಾಗ ಬೈಬಹುದಿತ್ತಲ್ಲ?"

ಆಕೆ ಸೆರಗನ್ನು ನನ್ನ ಮೂಗಿನ ಮುಂದೆ ಹಿಡಿದಳು. "ಉಟ್ಟಿದ್ದು ಏನಿದು? ನಮ್ಮ ಮಗ್ಗದ್ದಲೇನಲೇ, ಶ್ಯಾಣ್ಯಾ!"

ಇನ್ನೊಮ್ಮೆ ಫೋನಿನ ಕಂಪನಿಯವರು, ಕೇಳದೆ ಹೇಳದೆ, ಆಕೆಯ ನಂಬರಿಗೆ ಒಂದು ಡಿಸ್ಕೋ ಹಾಡು ಅಂಟಿಸಿಬಿಟ್ಟರು. ಸತ್ತವರ ಮಣ್ಣಿಗೆ ಹೋಗುವ ಸುದ್ದಿ ತಿಳಿಸಲು ಫೋನು ಮಾಡಿದವರಿಗೂ ಮೊದಲು 'ಧಡಕ್ ಧಡಕ್' ಎಂಬ ಕುಣಿತ! ಚಿಗವ್ವ ಕಂಪನಿಗೆ ಫೋನು ಹಚ್ಚಿದಳು. ಯಾವ ಭಾಷೆ ಬೇಕೆಂದು ಯಂತ್ರ ಕೇಳಿತು. ಸಿಟ್ಟಿನ ಕೆಲಸವಾದ್ದರಿಂದ ಇಂಗ್ಲಿಷೇ ಒತ್ತಿದಳು. ಆ ಕಡೆ ಒಬ್ಬ ಹುಡುಗಿ ಬಂದಳು. ಚಿಗವ್ವ ಗೇಣಿನಿಂದ ಶುರುಮಾಡಿ, ಮೊಳ ದಾಟಿ, ಮಾರಿನವರೆಗೆ ಕ್ರಮವಾಗಿ ಬಿಚ್ಚಿದಳು. ನಡುವೆ ಕ್ರಿಯಾಪದ ಕರ್ತೃಪದ ಏನೂ ಇಲ್ಲ, ಬರೀ ವಿಶೇಷಣಗಳ ಮೆರವಣಿಗೆ. ಎಲ್ಲ ಕೇಳಿಸಿಕೊಂಡ ಹುಡುಗಿ ಮೆಲ್ಲಗೆ ಅಂದಳು:

"ಯವ್ವಾ, ನಾ ಇಲ್ಲೇ ಅಸುಂಡಿಯಾಕಿ ಅದೀನ್ರಿ. ಕನ್ನಡದಾಗ ಬೈದುಬಿಡ್ರಿ. ನಿಮಗೂ ಸಮಾಧಾನ, ನನಗೂ ತಿಳೀತೈತಿ."

"ಇಲ್ಲ ತಂಗಿ, ಬರಂಗಿಲ್ಲ. ಪಡಸಾಲ್ಯಾಗ ಹಾಸು ಬಿಗಿದೈತಿ."

"ನಿಮ್ಮದು ಮಗ್ಗದ ಮನೀ ಏನ್ರಿ? ಹಂಗಾರ ಇಂಗ್ಲಿಷಿನ್ಯಾಗ ಮುಗಸ್ರಿ," ಎಂದು ಆ ಮಗು ಪೂರ್ತಿ ಕೇಳಿಸಿಕೊಂಡು, ಹಾಡು ತೆಗೆಸಿಕೊಟ್ಟಿತು. ಅಸುಂಡಿಯವರು ಒಳ್ಳೆಯ ಜನ.

ಇಷ್ಟರಲ್ಲಿ ಆಯಿಗೂ ಸೊಸೆಯ ಈ ವಿದ್ಯೆಯ ರುಚಿ ಹತ್ತಿತ್ತು. ತಾನು ಜನ್ಮದಲ್ಲಿ ಯಾರನ್ನೂ ಬೈದವಳಲ್ಲ, ಬೈಯುವಂತೆಯೂ ಇರಲಿಲ್ಲ. ಕಾನೂನು ತಂದವಳೇ ಅದನ್ನು ಮುರಿಯುವುದೇ? ಹಾಗೆಂದು ಆಕೆಗೆ ಸಿಟ್ಟಿರಲಿಲ್ಲ ಎಂದುಕೊಳ್ಳಬೇಡಿ. ಎಷ್ಟೋ ವರ್ಷದ ದಾಸ್ತಾನಿತ್ತು! ಪಕ್ಕದ ಮನೆಯಾಕೆ ಗೋಡೆಗೆ ಒತ್ತಿ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿ, ಆಯಿ ಸೀನಿ ಸೀನಿ ಸುಸ್ತಾದಾಗ, ಸೊಸೆಯನ್ನು ಬಾಗಿಲಿಗೆ ಕರೆದಳು.

"ಏ ಹುಡುಗಿ, ಬಾ ಇಲ್ಲೆ. ಆಕಿಗೊಂದು ಹೇಳು."

"ಯಾವ್ದು ಹೇಳ್ಲಿರಿ, ಅತ್ಯಾರ? ಮಾರಿಂದು?"

"ಬ್ಯಾಡ, ಆಕಿ ಮಗಳ ಬಾಣಂತನ ಐತಿ ಪಾಪ. ಮೊಳದ್ದು ಸಾಕು."

"ಇರಿಟೇಟಿಂಗ್!" ಎಂದಳು ಚಿಗವ್ವ, ಗೋಡೆಯಾಚೆಗೆ.

"ಏನಂದ್ಲು ಆಯಿ, ನಿಮ್ಮ ಸೊಸಿ?" ಎಂದು ಪಕ್ಕದಾಕೆ ಗಾಬರಿಯಾದಳು.

"ಸದ್ಯಕ್ಕ ಮೊಳದ್ದು ಅಂದಾಳ. ಕಾಯಿ ತಗೀಲಿಲ್ಲಂದ್ರ ಮಾರಿಂದು ಬರತೈತಿ ನೋಡು!"

ಮೆಣಸಿನಕಾಯಿ ಸಂಜೆಯೊಳಗೆ ಜಾಗ ಬಿಟ್ಟಿತು. ಶಿರಹಟ್ಟಿಯ ದೂರದ ಬೀಗರ ಮನೆಯ ಮದುವೆಯಲ್ಲಿ ಊಟಕ್ಕೆ ತಡವಾದಾಗಲೂ ಅಷ್ಟೇ. ಆಯಿ ಸೊಸೆಯ ಮೊಣಕೈ ತಿವಿದಳು, ಸೊಸೆ ಅಡುಗೆಯವರ ಕಡೆ ತಿರುಗಿ ಒಂದು ಮಾರು ಬಿಟ್ಟಳು. ಬೇರೆ ಪಂಕ್ತಿಗಿಂತ ಮೊದಲು ಇವರ ಎಲೆಗೆ ಹೋಳಿಗೆ ಬಿತ್ತು. ಒಬ್ಬಳಿಗೆ ಸಿಟ್ಟು, ಇನ್ನೊಬ್ಬಳಿಗೆ ಶಬ್ದ. ಅತ್ತೆ ಸೊಸೆಯರ ನಡುವೆ ಇಂಥ ಪಾಲುದಾರಿಕೆಯನ್ನು ನೀವೆಲ್ಲಾದರೂ ಕಂಡಿದ್ದೀರಾ?

ಆಮೇಲೆ ಮಳೆಗಾಲ ಬಂತು. ಒಂದು ಬೆಳಿಗ್ಗೆ ರಾಟಿಯ ಮುಂದೆ ಕುಳಿತಿದ್ದ ಆಯಿ ಹಾಗೆಯೇ ಪಕ್ಕಕ್ಕೆ ವಾಲಿದಳು. ಆಸ್ಪತ್ರೆಯಿಂದ ಮರಳಿದಾಗ ಬಲಗೈ ಸುಮ್ಮನಾಗಿತ್ತು, ಮಾತು ಇರಲಿಲ್ಲ. ಕಣ್ಣು ಮಾತ್ರ ಮೊದಲಿನಂತೆಯೇ ಚುರುಕು. ಎಲ್ಲ ತಿಳಿಯುತ್ತಿತ್ತು, ಒಂದೂ ಹೇಳಲಾಗುತ್ತಿರಲಿಲ್ಲ. ಡಾಕ್ಟರರು ಹೇಳಿ ಕಳಿಸಿದ್ದರು: "ದಿನಾ ಮಾತಾಡಸ್ರಿ. ಮೊದಲಿನ ತಿಂಗಳುಗಳಾಗ ಬರಬೇಕು ಮಾತು. ತಡಾ ಆದಷ್ಟೂ ಕಠಿಣ."

ಅಷ್ಟು ಸಾಕಾಯಿತು. ಚಿಗವ್ವ ಬೆಳಗಿನಿಂದ ಸಂಜೆಯವರೆಗೆ ಮಂಚದ ಪಕ್ಕದಲ್ಲಿ. ಚಮಚ ಎತ್ತಿ ಹಿಡಿದು, "ಇದೇನ್ರಿ ಅತ್ಯಾರ? ಚ... ಚಮ..." ಎನ್ನುವಳು. ಆಯಿ ಮುಖ ತಿರುಗಿಸುವಳು. ಹಾಡು ಹೇಳಿದಳು, ದೇವರ ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಟ್ಟಳು, ಓಣಿಯ ಸುದ್ದಿಗಳಿಗೆ ಉಪ್ಪು ಖಾರ ಹಚ್ಚಿ ಬಡಿಸಿದಳು. ಬಾಳೆಹೊಸೂರಿನ ಮಠಕ್ಕೆ ಹೋಗಿ ಅಂಗಾರ ತಂದು ಹಚ್ಚಿದಳು. ಆಯಿಯ ತುಟಿ ಅಲುಗುತ್ತಿತ್ತು, ಕೊರಳ ನರ ಉಬ್ಬುತ್ತಿತ್ತು, ಮಾತು ಹೊರಗೆ ಬರುತ್ತಿರಲಿಲ್ಲ.

ಈ ನಡುವೆ ಇನ್ನೊಂದು ವಿಚಿತ್ರ ನಡೆದಿತ್ತು. ಚಿಗವ್ವ ಸಿಟ್ಟಾಗುವುದನ್ನೇ ಬಿಟ್ಟಿದ್ದಳು! ಬೆಕ್ಕು ಹಾಲಿನ ಪಾತ್ರೆಯಲ್ಲಿ ಮುಖ ಇಟ್ಟುಕೊಂಡೇ ಕುಳಿತಿದ್ದರೂ, ಪಕ್ಕದಾಕೆಯ ಮೆಣಸಿನಕಾಯಿ ಗೋಡೆ ಹತ್ತಿ ಬಂದರೂ, ಗೇಣುದ್ದದ ಶಬ್ದವೂ ಇಲ್ಲ. ಕಾಕಾ ಹೆದರಿಹೋದ. ಅವನಿಗೆ ಈಗ ಮನೆಯಲ್ಲಿ ಇಬ್ಬರ ಬಾಯಿ ಬಿದ್ದುಹೋದಂತೆ. ನನ್ನನ್ನು ಕರೆಸಿ, ಆಕೆಗೆ ಸಿಟ್ಟು ಬರಿಸುವ ಗುಪ್ತ ಯೋಜನೆ ಹಾಕಿದ. ತಾನು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದ. ನಾನು ಚಪ್ಪಲಿ ಹಾಕಿಕೊಂಡೇ ಅಡುಗೆಮನೆಯವರೆಗೆ ಹೋಗಿ, ಚಹಾ ಚೆಲ್ಲಿ ಬಂದೆ. ಹಿಂದೆ ಆಗಿದ್ದರೆ ಸೆರಗು ಸಮೇತ ಪೂರ್ತಿ ಸೀರೆ! ಚಿಗವ್ವ ಟವೆಲು ಹಿಂಡಿ ಹಾಕಿದಳು, ನೆಲ ಒರೆಸಿದಳು, "ಇರ್ಲಿ ಬಿಡಪಾ," ಎಂದಳು.

"ಗೇಣೂ ಬರವಲ್ದಲ್ಲೋ!" ಎಂದು ಕಾಕಾ ನನ್ನ ಕಿವಿಯಲ್ಲಿ ಅತ್ತಂತೆ ಅಂದ.

ಅದು ಆಕೆಗೆ ಕೇಳಿಸಿತು. "ಅತ್ಯಾರು ಒಮ್ಮಿ ಮಾತಾಡ್ಲಿ ತಡೀರಿ," ಎಂದಳು ತಿರುಗದೆಯೇ. "ಆಮ್ಯಾಲ ನಿಮ್ಮಿಬ್ಬರಿಗೂ ಐತಿ."

ರೋಗಿಯಿದ್ದ ಮನೆಗೆ ಮಾತಾಡಿಸಲು ಬರುವವರದು ಬೇರೆಯೇ ಒಂದು ಜಾತಿ. ಬರುವಾಗ ಎಳನೀರು ತರುತ್ತಾರೆ, ಹೋಗುವಾಗ ಧೈರ್ಯವನ್ನು ಒಯ್ಯುತ್ತಾರೆ. ಒಂದು ಮಧ್ಯಾಹ್ನ ಶಿರಹಟ್ಟಿಯ ಬೀಗರು ಬಂದರು, ಹಿರಿಯರು. ಮಂಚದ ಕಾಲ್ದೆಸೆಗೆ ಕುಳಿತು, ಮೊದಲು ತಮ್ಮ ಮೊಣಕಾಲಿನ ನೋವು ಹೇಳಿದರು. ಆಮೇಲೆ ತಮಗೆ ಗೊತ್ತಿದ್ದ ಲಕ್ವಾ ರೋಗಿಗಳ ಹೆಸರುಗಳನ್ನು, ಅವರು ತೀರಿಕೊಂಡ ಕ್ರಮದಲ್ಲಿ ಹೇಳಿದರು. ಚಿಗವ್ವ ಕೊಟ್ಟ ಒಗ್ಗರಣೆ ಅವಲಕ್ಕಿ ತಿನ್ನುತ್ತ, ಆಯಿಯ ಮುಂದೆಯೇ, ಆಕೆ ಗೋಡೆಯೋ ಕಂಬವೋ ಎಂಬಂತೆ, ನಿಟ್ಟುಸಿರು ಬಿಟ್ಟರು:

"ಸುಮ್ಮ ಯಾಕ ಒದ್ದಾಡ್ತೀ ತಂಗಿ? ವಯಸ್ಸಾತು. ಇನ್ನ ಆಕಿ ಮಾತಾಡಿ ಏನು ಮಾಡೂದೈತಿ?"

ಲಾಳಿ ನಿಂತಿತು. ಚಿಗವ್ವನ ಮುಖ ಕೆಂಪಾಯಿತು. ನಾನು ಕಾಕಾನನ್ನು ನೋಡಿದೆ, ಕಾಕಾ ನನ್ನನ್ನು ನೋಡಿದ. ಈಗ ಬರುತ್ತದೆ, ಕನಿಷ್ಠ ಮಾರುದ್ದ! ಆದರೆ ಚಿಗವ್ವನ ಕಣ್ಣುಗಳು ತುಂಬಿ ಬಂದವೇ ಹೊರತು ಶಬ್ದ ಬರಲಿಲ್ಲ. ಆಕೆ ಬೀಗರ ಎದುರಿನಿಂದ ಖಾಲಿ ತಾಟು ಎತ್ತಿಕೊಳ್ಳಲು ಬಗ್ಗಿದಳು.

ಆಗ ಮಂಚದ ಮೇಲಿಂದ ಏನೋ ಕೇಳಿಸಿತು. ತುಕ್ಕು ಹಿಡಿದ ಬಾಗಿಲನ್ನು ಒಳಗಿನಿಂದ ಯಾರೋ ದೂಡಿದಂತೆ.

"ನೂ... ನೂಸೆ..."

ಎಲ್ಲರೂ ತಿರುಗಿದೆವು. ಆಯಿ ಎಡಗೈಯನ್ನು ಎತ್ತಿ, ತೋರುಬೆರಳನ್ನು ನೇರವಾಗಿ ಬೀಗರ ಎದೆಗೆ ಗುರಿಯಿಟ್ಟಿದ್ದಳು! ಕಣ್ಣಲ್ಲಿ ಬೆಂಕಿ!

"ನೂಸೆನ್ಸು!"

ಚಿಗವ್ವನ ಕೈಯಿಂದ ತಾಟು ಬಿತ್ತು. ಬೀಗರು ಗಲಿಬಿಲಿಗೊಂಡು, "ಏನಂದ್ರು? ನನ್ನ ಗುರ್ತು ಹಿಡಿದ್ರೇನು?" ಎಂದರು.

"ಹೌದ್ರಿ ಮಾವಾರ," ಎಂದ ಕಾಕಾ, ಕಣ್ಣೀರು ಒರೆಸಿಕೊಳ್ಳುತ್ತ. "ಬರೊಬ್ಬರಿ ಗುರ್ತು ಹಿಡಿದಾಳ!"

ಚಿಗವ್ವ ಮಂಚದ ಬಳಿ ಕುಸಿದು ಕುಳಿತು ಆಯಿಯ ಎರಡೂ ಕೆನ್ನೆ ಹಿಡಿದುಕೊಂಡಳು. "ಇನ್ನೊಮ್ಮೆ ಅನ್ರಿ ಅತ್ಯಾರ, ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನೊಮ್ಮೆ ಬೈರಿ!" ಆಯಿ ಉದಾರವಾಗಿ ಇನ್ನೊಮ್ಮೆ ಅಂದಳು. ಬೀಗರು ಇನ್ನೊಮ್ಮೆ ಸಂತೋಷಪಟ್ಟರು.

ಡಾಕ್ಟರರಿಗೆ ಆಶ್ಚರ್ಯವಾಗಲಿಲ್ಲ. ಇಂಥ ರೋಗದಲ್ಲಿ ಯೋಚಿಸಿ ಆಡುವ ಮಾತು ಹೋದರೂ ಬೈಗುಳ ಒಳಗೆಲ್ಲೋ ಉಳಿದಿರುವುದುಂಟು, ಮೊದಲು ಅದೇ ಹೊರಬರುವುದೂ ಉಂಟು ಎಂದರು. "ಆದ್ರ ಇಂಗ್ಲಿಷ್ ಯಾಕ್ರಿ? ಆಯಿ ಸಾಲಿ ಕಲ್ತಾರೇನು?" ಎಂದು ಕೇಳಿದರು. ಕನ್ನಡದಲ್ಲಿ ಎಂದೂ ಬೈಯದವಳಿಗೆ ಕನ್ನಡದ ಬೈಗುಳ ಎಲ್ಲಿಂದ ಬರಬೇಕು? ಸೊಸೆಯ ಬಾಯಿಂದ ಕೇಳಿದ್ದೇ ಆಕೆಯ ಪಾಲಿನ ಬೈಗುಳ. ಇದನ್ನೆಲ್ಲ ಡಾಕ್ಟರರಿಗೆ ತಿಳಿಸಲು ಮಗ್ಗದಿಂದ ಶುರುಮಾಡಬೇಕಾಗಿತ್ತು. ಹೊರಗೆ ರೋಗಿಗಳ ಸಾಲು ಉದ್ದವಿತ್ತು. "ಹೌದ್ರಿ," ಎಂದು ಸುಮ್ಮನೆ ಬಂದೆವು.

ಸದ್ಯಕ್ಕೆ ಆಯಿಗೆ ಇರುವುದು ಅದೊಂದೇ ಮಾತು. ಬೇರೆಯವು ಬರುತ್ತವೆ, ನಿಧಾನ ಎಂದಿದ್ದಾರೆ. ಅಲ್ಲಿಯವರೆಗೆ ಆಕೆ ಅದೊಂದರಲ್ಲೇ ಇಡೀ ಸಂಸಾರ ನಡೆಸುತ್ತಿದ್ದಾಳೆ. ನೀರು ಬೇಕಾದರೂ ನೂಸೆನ್ಸು, ಕಿಟಕಿ ಮುಚ್ಚಬೇಕಾದರೂ ನೂಸೆನ್ಸು. ಕಾಕಾನಿಗೆ, ನನಗೆ ಅದು ಒಂದೇ ತರಹ ಕೇಳಿಸುತ್ತದೆ. ನೀರು ಕೇಳಿದರೆ ಕಿಟಕಿ ಮುಚ್ಚಿ ಬೈಸಿಕೊಳ್ಳುತ್ತೇವೆ, ಬೈಗುಳವೂ ಅದೇ! ಚಿಗವ್ವ ಮಾತ್ರ ಒಮ್ಮೆಯೂ ತಪ್ಪಿಲ್ಲ. ಅಡುಗೆಮನೆಯಿಂದಲೇ ಕೇಳಿಸಿಕೊಂಡು, "ದಿಂಬು ಜಾರೇತಿ, ಏರಿಸ್ರಿ," ಎಂದು ಹೇಳಿ ಕಳಿಸುತ್ತಾಳೆ. ನೋಡಿದರೆ ದಿಂಬು ಜಾರಿರುತ್ತದೆ.

ಮೊನ್ನೆ ಹೋಗಿದ್ದೆ. ಹೊತ್ತು ಇಳಿಯುತ್ತಿತ್ತು. ಚಿಗವ್ವ ಆಯಿಗೆ ರವೆಗಂಜಿ ಕುಡಿಸಿ, ಬಾಯಿ ಒರೆಸಿ, ತಲೆ ಬಾಚುತ್ತಿದ್ದಳು. ಆಯಿ ಬಹಳ ಹೊತ್ತು ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ಪ್ರಶ್ನೆಯ ಹಾಗೆ ಅಂದಳು:

"ನೂಸೆನ್ಸು?"

"ಉಂಡೇನ್ರಿ, ಅತ್ಯಾರ," ಎಂದಳು ಚಿಗವ್ವ ಬಾಚುತ್ತಲೇ. "ಈಗಷ್ಟ ಉಂಡೆ."

ಉಂಡಿರಲಿಲ್ಲ. ಮಧ್ಯಾಹ್ನದಿಂದ ಅಲ್ಲೇ ಕುಳಿತಿದ್ದ ನನಗೆ ಗೊತ್ತಿತ್ತು. ಆಯಿ ಎಡಗೈಯನ್ನು ನಿಧಾನವಾಗಿ ಎತ್ತಿ ಸೊಸೆಯ ಹೊಟ್ಟೆಯ ಮೇಲೆ ಇಟ್ಟಳು. ಸ್ವಲ್ಪ ಒತ್ತಿ ನೋಡಿದಳು, ಹಾಲು ಕುಡಿದ ಕೂಸಿನ ಹೊಟ್ಟೆ ನೋಡುವ ಹಾಗೆ.

"ನೂಸೆನ್ಸು," ಎಂದಳು. ಈ ಸಲ ಪ್ರಶ್ನೆಯಿರಲಿಲ್ಲ.

ಚಿಗವ್ವ ಹಣಿಗೆ ಕೆಳಗಿಟ್ಟಳು. ಒಳಗೆ ಹೋಗಿ ತಾಟಿನಲ್ಲಿ ರೊಟ್ಟಿ, ಪಲ್ಯ ಹಾಕಿಕೊಂಡು ಬಂದು, ಮಂಚದ ಪಕ್ಕದಲ್ಲಿ ಆಯಿಗೆ ಕಾಣುವಂತೆ ಕುಳಿತು ಉಣ್ಣತೊಡಗಿದಳು. ತಾಟು ಬರಿದಾಗುವವರೆಗೆ ಆಯಿ ಕಣ್ಣು ಮುಚ್ಚಲಿಲ್ಲ.